ರಾತ್ರಿ ಹತ್ತರ ಕಡ್ಲೆಬೀಜ

ಜಯನಗರ ನಾಲ್ಕನೇ ಬ್ಲಾಕಿನ ಒಂದು ರಕ್ತಪರೀಕ್ಷೆಯ ಲ್ಯಾಬು. ಬೆಳಿಗ್ಗೆ ಆರೂಮುಕ್ಕಾಲು. ಶಟರ್ ಇನ್ನೂ ಅರ್ಧ ಮಾತ್ರ ಮೇಲೆದ್ದಿದೆ, ಒಳಗೆ ಆಗಲೇ ಹನ್ನೊಂದು ಜನ. ಕೈಯಲ್ಲಿ ಟೋಕನ್ನು, ಮುಖದಲ್ಲಿ ಕಾಫಿ ಕುಡಿಯದ ಸಿಡುಕು. ಫಾಸ್ಟಿಂಗ್ ರಕ್ತ ಕೊಟ್ಟು, ಹತ್ತಿರದಲ್ಲೆಲ್ಲೋ ತಿಂಡಿ ತಿಂದು, ಎರಡು ಗಂಟೆ ಕಳೆದು ಬಂದು ‘ಪಿಪಿ’ ಕೊಡುವವರ ಈ ಸಾಲು ಬನಶಂಕರಿಯಲ್ಲೂ ಇದೆ, ಜೆ.ಪಿ. ನಗರದಲ್ಲೂ ಇದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿತು. ಆ ಲೆಕ್ಕದ ಹನ್ನೊಂದು ಬಿಡಿ ಅಂಕಿಗಳು ಇಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿವೆ.

“ಕೊನೇದಾಗಿ ತಿಂದಿದ್ದು ಎಷ್ಟು ಗಂಟೆಗಮ್ಮ?” ಸೂಜಿ ಹಿಡಿದ ಹುಡುಗ ಕೇಳಿದ.

“ರಾತ್ರಿ ಹತ್ತಕ್ಕೆ. ಅರ್ಧ ಲೋಟ ಹಾಲು, ಒಂದು ಹಿಡಿ ಹುರಿದ ಕಡ್ಲೆಬೀಜ.”

ಹಿಂದಿನ ಕುರ್ಚಿಯಲ್ಲಿದ್ದ ಯುವಕ ತಟ್ಟನೆ ತಲೆಯೆತ್ತಿದ. ಮೂವತ್ತಾರರ ವಯಸ್ಸು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ಸಾಫ್ಟ್‌ವೇರ್ ಕೆಲಸ, ಎಡ ತೋಳಿನ ಮೇಲೆ ಶುಗರ್ ನೋಡುವ, ನಾಣ್ಯದಗಲದ ಬಿಳಿ ಸೆನ್ಸರು. ಕಾಯಿಲೆ ಗೊತ್ತಾಗಿ ಎಂಟು ತಿಂಗಳಾಗಿದೆ. ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಉತ್ಸಾಹ ಅವನದು.

“ರಾತ್ರಿ ಹತ್ತಕ್ಕೆ ತಿಂದು ಬೆಳಿಗ್ಗೆ ಫಾಸ್ಟಿಂಗ್ ಕೊಡ್ತಿದ್ದೀರಾ ಮೇಡಂ?”

“ಎಂಟು ಗಂಟೆ ಖಾಲಿ ಹೊಟ್ಟೆ ಇದ್ರೆ ಸಾಕು. ನಂದು ಎಂಟೂಮುಕ್ಕಾಲು ಆಯ್ತು. ಕೂಡೋದು ಕಳೆಯೋದು ಬರುತ್ತೆ ನಂಗೆ. ಮೂವತ್ನಾಲ್ಕು ವರ್ಷ ಹೈಸ್ಕೂಲಲ್ಲಿ ಮ್ಯಾಥ್ಸ್ ಹೇಳ್ಕೊಟ್ಟಿದ್ದೀನಿ.”

ಅಲ್ಲಿಗೆ ‘ಮೇಡಂ’ ಹೋಗಿ ‘ಮಿಸ್’ ಆಯಿತು. ಇಬ್ಬರೂ ಮೊಣಕೈ ಮಡಚಿ ಹತ್ತಿ ಒತ್ತಿ ಹಿಡಿದು, ಮೂಲೆಯ ದರ್ಶಿನಿಯತ್ತ ನಡೆದರು. ನಿಂತು ತಿನ್ನುವ ಈ ಹೋಟೆಲುಗಳ ಬಗೆ ಹುಟ್ಟಿದ್ದು ಇದೇ ಜಯನಗರದಲ್ಲಿ, 1983ರಲ್ಲಿ. ಎರಡು ಇಡ್ಲಿ, ಸಾಂಬಾರು ಬೇರೆ, ಸಕ್ಕರೆ ಇಲ್ಲದ ಕಾಫಿ. ಇಡ್ಲಿ ಹೇಳುವಾಗ ಇಬ್ಬರ ದನಿಯೂ ತುಸು ತಗ್ಗಿತು, ಯಾರೋ ಕೇಳಿಸಿಕೊಂಡು ಬಿಟ್ಟಾರು ಎಂಬಂತೆ.

“ಮೊದಲ ತುತ್ತಿಂದ ಗಂಟೆ ಲೆಕ್ಕ, ಕೈ ತೊಳೆದಾಗಿಂದ ಅಲ್ಲ. ಏಳೂ ಹತ್ತು. ಬರ್ಕೋ,” ಎಂದರು ಮಿಸ್. “ಈಗ ಹೇಳು, ರಾತ್ರಿ ಕಡ್ಲೆಬೀಜ ತಿಂದ್ರೆ ನಿಂಗೇನಪ್ಪ ಕಷ್ಟ?”

“ನಂಗಲ್ಲ ಮಿಸ್, ನಿಮ್ಮ ಬೆಳಗಿನ ಶುಗರ್‌ಗೆ. ನಾನು ಎಂಟೂವರೆಗೆ ಊಟ ಮುಗಿಸಿದ್ರೆ ಆಮೇಲೆ ನೀರು ಮಾತ್ರ. ಗಡಿಯಾರ ನೋಡ್ಕೊಂಡು ಬಾಯಿಗೆ ಬೀಗ.”

“ಬೆಳಿಗ್ಗೆ ಎಷ್ಟು ಬರುತ್ತೆ?”

ಯುವಕ ಸ್ವಲ್ಪ ಹೊತ್ತು ಚಟ್ನಿ ನೋಡಿದ. “ಅದೇ ಮಿಸ್ ತಲೆನೋವು. ಮಲಗುವಾಗ 112 ಇರುತ್ತೆ. ಏನೂ ತಿನ್ನಲ್ಲ, ಎದ್ದೂ ಇಲ್ಲ. ಬೆಳಿಗ್ಗೆ ನೋಡಿದ್ರೆ 138. ರಾತ್ರಿ ಯಾರು ತಿನ್ನಿಸಿದ್ರು ನಂಗೆ?”

“ನಿನ್ನ ಲಿವರ್ರು. ಅದೊಂದು ಉಗ್ರಾಣ. ಸುಮಾರು 100 ಗ್ರಾಂ ಸಕ್ಕರೆ ಗ್ಲೈಕೋಜನ್ ರೂಪದಲ್ಲಿ ಅಲ್ಲಿ ದಾಸ್ತಾನು ಇರುತ್ತೆ. ಬೆಳಗಿನ ಜಾವ ಮೂರು ನಾಲ್ಕರ ಮೇಲೆ ಕಾರ್ಟಿಸಾಲು, ಗ್ರೋತ್ ಹಾರ್ಮೋನು ಎಲ್ಲ ಏಳುತ್ವೆ. ‘ಯಜಮಾನರು ಏಳೋ ಹೊತ್ತಾಯ್ತು, ಬಾಗಿಲು ತೆಗಿ’ ಅನ್ನುತ್ವೆ. ಲಿವರ್ ಬಾಗಿಲು ತೆಗೆಯುತ್ತೆ. ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಬಂದು ಸಾಕು ಮಾಡು ಅನ್ನುತ್ತೆ. ನಿನ್ನಲ್ಲಿ, ನನ್ನಲ್ಲಿ ಆ ಮಾತು ಅದಕ್ಕೆ ಸರಿಯಾಗಿ ಕೇಳಿಸಲ್ಲ.”

“ಡಾನ್ ಫಿನಾಮಿನನ್. 1981ರಲ್ಲಿ ಇಟ್ಟ ಹೆಸರು,” ಎಂದ ಯುವಕ. ಓದಿದ್ದನ್ನು ಒಳಗೆ ಇಟ್ಟುಕೊಳ್ಳುವ ಸ್ವಭಾವ ಅವನದಲ್ಲ. “ಆದ್ರೆ ಅದೇ ನನ್ನ ವಾದ ಮಿಸ್. ಉಗ್ರಾಣ ಹೇಗಿದ್ರೂ ಬಾಗಿಲು ತೆಗೆಯುತ್ತೆ ಅಂದ್ಮೇಲೆ ಮಲಗೋ ಮುಂಚೆ ಇನ್ನೊಂದು ಮೂಟೆ ಯಾಕೆ ಇಳಿಸ್ಬೇಕು?”

“ನಮ್ಮ ಡಾಕ್ಟ್ರು ಬೇರೆ ಥರ ಹೇಳಿದ್ರು. ರಾತ್ರಿ ಶುಗರ್ ತೀರಾ ಇಳಿದ್ರೆ ಮೈ ಗಾಬರಿ ಬಿದ್ದು ಲಿವರ್‌ನಿಂದ ಸುರಿಸುತ್ತೆ, ಅದಕ್ಕೇ ಬೆಳಿಗ್ಗೆ ಏರಿರುತ್ತೆ ಅಂತ. ಅದಕ್ಕೇ ಏನಾದ್ರೂ ತಿಂದು ಮಲಗಿ ಅಂತ.”

“ಸೊಮೋಗಿ ಅನ್ನೋರ ಸಿದ್ಧಾಂತ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ಬಯೋಕೆಮಿಸ್ಟು, 1938ರ ಕಾಲದ್ದು. ಆಗ ರಾತ್ರಿಯಿಡೀ ಶುಗರ್ ನೋಡೋ ದಾರಿನೇ ಇರ್ಲಿಲ್ಲ. ಈಗ ಸೆನ್ಸರ್ ಹಾಕಿ ನೋಡಿದ್ರೆ ರಾತ್ರಿ ಇಳಿದವರಲ್ಲಿ ಹೆಚ್ಚಿನವರು ಬೆಳಿಗ್ಗೆನೂ ಕೆಳಗೇ ಇರ್ತಾರೆ. ಪುಟಿದೇಳೋದು ಅಪರೂಪ.”

ಮಿಸ್ ಕಾಫಿ ಲೋಟ ಕೆಳಗಿಟ್ಟರು.

“ಸಿದ್ಧಾಂತ ಬಿದ್ದಿರಬಹುದು. ನಾನೂ ಬಿದ್ದಿದ್ದೀನಿ. ಇನ್ಸುಲಿನ್ ಶುರುವಾದ ಹೊಸದು, ಒಂದಿನ ಏಕಾದಶಿ ಅಂತ ರಾತ್ರಿ ಬರೀ ಹಣ್ಣು ತಿಂದು ಮಲಗಿದ್ದೆ. ಇಂಜೆಕ್ಷನ್ ಮಾತ್ರ ಎಂದಿನಷ್ಟೇ. ಎರಡೂವರೆಗೆ ಎಚ್ಚರ ಆಯ್ತು. ಸೀರೆ ಒದ್ದೆ ಮುದ್ದೆ, ಕೈ ನಡುಕ, ನಾಲಿಗೆ ತೊದಲು. ಬಚ್ಚಲಿಗೆ ಹೋಗೋಣ ಅಂತ ಎದ್ದು ಬಾಗಿಲ ಹತ್ರ ಬಿದ್ದೆ. ನಮ್ಮೆಜಮಾನ್ರು ಸಕ್ಕರೆ ನೀರು ಕುಡಿಸಿದ್ರು. ಅವತ್ತಿಂದ ಹತ್ತಕ್ಕೆ ಕಡ್ಲೆಬೀಜ ತಪ್ಪಿಸಿಲ್ಲ. ಅವರಿಲ್ಲ ಈಗ. ಮನೇಲಿ ಒಬ್ಬಳೇ ಮಲಗೋದು. 138 ಬಂದ್ರೆ ಡಾಕ್ಟ್ರು ಬಯ್ತಾರೆ, 48 ಬಂದ್ರೆ ಬಯ್ಯೋಕೆ ನಾನೇ ಇರಲ್ಲ.”

ಯುವಕ ತಕ್ಷಣ ಉತ್ತರ ಕೊಡಲಿಲ್ಲ. 70ಕ್ಕಿಂತ ಕೆಳಗಿಳಿದರೆ ಲೋ ಶುಗರ್. 15 ಗ್ರಾಂ ಗ್ಲೂಕೋಸು ಅಥವಾ ಸಕ್ಕರೆ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು ಎಂಬುದು ಅವನಿಗೆ ಪಾಠದಂತೆ ಗೊತ್ತು. ಕತ್ತಲಲ್ಲಿ ಬಾಗಿಲ ಹತ್ತಿರ ಬಿದ್ದವರ ಎದುರು ಅದನ್ನು ಒಪ್ಪಿಸುವುದು ಸರಿ ಕಾಣಲಿಲ್ಲ.

“ಆಗ ಯಾವ ಇನ್ಸುಲಿನ್ ಮಿಸ್?” ಎಂದು ಮೆಲ್ಲಗೆ ಕೇಳಿದ.

“ಹಾಲಿನ ಥರ ಬೆಳ್ಳಗಿರುತ್ತಲ್ಲ, ಅಂಗೈಯಲ್ಲಿ ಸೀಸೆ ಉರುಳಿಸಿ ತಗೋಬೇಕು, ಅದು.”

“ಎನ್‌ಪಿಎಚ್. ಅದಕ್ಕೆ ಶಿಖರ ಇದೆ. ಚುಚ್ಚಿಕೊಂಡ ನಾಲ್ಕು ಗಂಟೆ ಮೇಲೆ ಜೋರು ಹಿಡಿಯುತ್ತೆ. ಊಟಕ್ಕೆ ಮುಂಚೆ ತಗೊಂಡ್ರೆ ನಡುರಾತ್ರಿಗೆ ಸರಿಯಾಗಿ ಅದರ ಆರ್ಭಟ. ಆ ಹೊತ್ತಿಗೆ ಹೊಟ್ಟೇಲಿ ಏನಾದ್ರೂ ಇರ್ಲಿ ಅಂತಾನೇ ಮಲಗೋ ಮುಂಚಿನ ತಿಂಡಿ ಹುಟ್ಟಿದ್ದು. ಈಗ ಯಾವುದು?”

“ಪೆನ್ನು. ತಿಳಿ ನೀರಿನ ಥರ. ಗ್ಲಾರ್ಜಿನ್ ಅಂತ ಬರೆದಿರುತ್ತೆ. ಆರು ವರ್ಷ ಆಯ್ತು.”

“ಅದಕ್ಕೆ ಅಂಥ ಶಿಖರ ಇಲ್ಲ ಮಿಸ್. ಇಪ್ಪತ್ನಾಲ್ಕು ಗಂಟೆ ಹೆಚ್ಚುಕಡಿಮೆ ಒಂದೇ ಸಮ. ಇಲ್ಲೇ ಸಿಲ್ಕ್ ಬೋರ್ಡ್ ದಾಟಿ ಹೊಸೂರು ರೋಡಲ್ಲಿ ಹೋದ್ರೆ ಬಯೋಕಾನ್‌ನವರು ಮಾಡ್ತಾರೆ, 2009ರಿಂದ ಮಾರ್ತಿದ್ದಾರೆ. ಇನ್ಸುಲಿನ್ ಬದಲಾಗಿ ಆರು ವರ್ಷ ಆಯ್ತು, ಕಡ್ಲೆಬೀಜ ಮಾತ್ರ ಹಳೇ ಇನ್ಸುಲಿನ್‌ಗೇ ಹಾಕ್ತಿದ್ದೀರಿ. ಬರದೇ ಇರೋ ನೆಂಟರಿಗೆ ದಿನಾ ಎಲೆ ಹಾಕ್ದಂಗೆ.”

ಪೆಟ್ಟು ಬಿದ್ದಿತು. ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಆರು ವರ್ಷದಲ್ಲಿ ಒಂದು ರಾತ್ರಿಯಾದರೂ ಕಡ್ಲೆಬೀಜ ಬಿಟ್ಟು ನೋಡಿದ್ದುಂಟೇ ಎಂದರೆ ಇಲ್ಲ. ಲೆಕ್ಕದ ಮಿಸ್ ಆಗಿ ಇದು ಒಪ್ಪುವ ಮಾತಲ್ಲ. ಆದರೆ ಹೈಸ್ಕೂಲಿನಲ್ಲಿ ಮೂವತ್ನಾಲ್ಕು ವರ್ಷ ಕಳೆದವರಿಗೆ ಮರುಪ್ರಶ್ನೆ ತಡವಾಗುವುದಿಲ್ಲ.

“ಸರಿ. ನೀನೇನು ಪರೀಕ್ಷೆ ಮಾಡಿದ್ದೀಯ? ತೋರ್ಸು.”

ಯುವಕ ಮೊಬೈಲ್ ತೆಗೆದ. ಗೆರೆಗಳು ಗುಡ್ಡದಂತೆ ಏರಿಳಿದವು. ಎರಡು ಏಲಕ್ಕಿ ಬಾಳೆಹಣ್ಣು ತಿಂದು ಮಲಗಿದ ಮರುದಿನ 160. ಬಾದಾಮಿ ತಿಂದ ಮರುದಿನ 129. ಏನೂ ತಿನ್ನದ ದಿನ 134. ಊರಿಂದ, ಹಾಸನದ ಹತ್ತಿರದ ಹಳ್ಳಿಯಿಂದ, ಅಮ್ಮ ಫೋನಿನಲ್ಲಿ ಹೇಳಿದಂತೆ ರಾಗಿ ಗಂಜಿ ಕುಡಿದ ಮರುದಿನ 157.

“ರಾಗಿ ಗಂಜಿಗೆ ಇಷ್ಟ್ಯಾಕೆ ಅಂತ ಗೊತ್ತಾಗ್ಲಿಲ್ಲ ಮಿಸ್. ರಾಗಿ ಶುಗರ್‌ಗೆ ಒಳ್ಳೇದು ಅಂತಾರಲ್ಲ?”

“ಒಳ್ಳೇದೇ. 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ. ನನ್ನ ಮೂಳೆಗೆ ಬೇಕು. ಆದ್ರೆ ಅದೇ 100 ಗ್ರಾಂ ಹಿಟ್ಟಲ್ಲಿ 70 ಗ್ರಾಂ ಹತ್ರ ಕಾರ್ಬೋಹೈಡ್ರೇಟು. ಅದನ್ನ ನುಣ್ಣಗೆ ಬೀಸಿ, ನೀರಲ್ಲಿ ಕುದಿಸಿ ಕುಡಿದ್ರೆ ಹೊಟ್ಟೆಗೆ ಅರೆಯೋ ಕೆಲಸಾನೇ ಇಲ್ಲ. ಸೀದಾ ರಕ್ತಕ್ಕೆ.”

“ನಮ್ಮಜ್ಜ ಮೂರು ಹೊತ್ತೂ ಮುದ್ದೆ ತಿಂತಿದ್ರು. ಶುಗರ್ರೂ ಇಲ್ಲ, ಬಿಪಿನೂ ಇಲ್ಲ.”

“ನಿಮ್ಮಜ್ಜ ಗದ್ದೆ ಉಳ್ತಿದ್ರು. ನೀನು ಕುರ್ಚಿ ಉಳ್ತೀಯ.”

ಅವನಿಗೂ ನಗು ಬಂತು. ಆದರೂ ಮುದ್ದೆಯನ್ನು ಬಿಟ್ಟುಕೊಡುವ ಮನಸ್ಸಿಲ್ಲ. ಮುದ್ದೆ ಗಟ್ಟಿ, ಗಂಜಿ ತೆಳು, ಎರಡಕ್ಕೂ ಒಂದೇ ನ್ಯಾಯ ಹೇಗೆ ಎಂದು ಹಟ ಹಿಡಿದ. ಅದರಲ್ಲಿ ಹುರುಳಿದೆ, ಸೊಪ್ಪಿನ ಸಾರಿನ ಜೊತೆ ನುಂಗಿದ ಮುದ್ದೆ ಗಂಜಿಯಷ್ಟು ಬೇಗ ಕರಗುವುದಿಲ್ಲ. ಆದರೆ ದಕ್ಷಿಣ ಬೆಂಗಳೂರಿನ ಅಂಗಡಿಗಳಲ್ಲಿ ‘ಡಯಾಬಿಟಿಕ್’ ಎಂದು ಅಚ್ಚಾದ ಸಿರಿಧಾನ್ಯದ ಬಿಸ್ಕತ್ತು, ಮಾಲ್ಟು ಕೊಳ್ಳುವವರು ಇಂಡಿಯಾಬ್‌ನವರು 2025ರಲ್ಲಿ ಹೇಳಿದ್ದನ್ನೂ ಕೇಳಿಸಿಕೊಳ್ಳಬೇಕು. ಭಾರತೀಯರ ಊಟದಲ್ಲಿ ಶೇ. 62ರಷ್ಟು ಶಕ್ತಿ ಕಾರ್ಬೋಹೈಡ್ರೇಟಿನಿಂದಲೇ ಬರುತ್ತಿದೆ. ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದು ಒಟ್ಟು ಪ್ರಮಾಣ ಅಷ್ಟೇ ಇಟ್ಟರೆ ಕಾಯಿಲೆಯ ಅಪಾಯ ಕಡಿಮೆಯಾಗುವುದು ಕಾಣಲಿಲ್ಲ.

“ನಿನ್ನ ಬಾದಾಮಿಗೆ ಬರೋಣ,” ಎಂದರು ಮಿಸ್. “129ಕ್ಕೂ 134ಕ್ಕೂ ಎಷ್ಟು ವ್ಯತ್ಯಾಸ?”

“ಐದು.”

“ಗ್ಲೂಕೋಮೀಟರ್‌ಗೆ ಎಷ್ಟು ತಪ್ಪು ಮಾಡೋಕೆ ಪರವಾನಗಿ ಇದೆ ಗೊತ್ತಾ? 100ರ ಮೇಲೆ ಇದ್ರೆ ಆಚೆಗೂ ಈಚೆಗೂ ಶೇಕಡ 15. ಅಂತಾರಾಷ್ಟ್ರೀಯ ನಿಯಮಾನೇ ಹಾಗಿದೆ. 134ಕ್ಕೆ ಶೇಕಡ 15 ಅಂದ್ರೆ ಇಪ್ಪತ್ತು. ನಿನ್ನ ಐದು ಅದರೊಳಗೆ ಮುಳುಗೋಯ್ತು. ಒಂದೊಂದು ರಾತ್ರಿಯ ಒಂದೊಂದು ಅಂಕಿ ಇಟ್ಕೊಂಡು ಬಾದಾಮಿ ಗೆದ್ದಿತು ಅಂತೀಯ. ನನ್ನ ಕ್ಲಾಸಲ್ಲಿ ಆಗಿದ್ರೆ ಸೊನ್ನೆ.”

“ಹಾಗಾದ್ರೆ ವಿನಿಗರ್ರೂ ಹೋಯ್ತಾ ಮಿಸ್? 2007ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನೋಡಿದ್ದಾರೆ. ಮಲಗೋ ಮುಂಚೆ ಎರಡು ಚಮಚ ಆ್ಯಪಲ್ ಸೈಡರ್ ವಿನಿಗರ್, ಒಂದು ಚೂರು ಚೀಸು. ಬೆಳಗಿನ ಶುಗರ್ ಶೇಕಡ 4 ಇಳೀತು.”

“ಎಷ್ಟು ಜನರಲ್ಲಿ?”

“...ಹನ್ನೊಂದು.”

“ವಿನಿಗರ್ ಬದಲು ನೀರು ಕುಡಿದಾಗ?”

“ಶೇಕಡ 2.”

ಮಿಸ್ ಏನೂ ಹೇಳಲಿಲ್ಲ. ಹುಬ್ಬು ಮಾತ್ರ ಏರಿತು. ಬೆಳಿಗ್ಗೆ ಲ್ಯಾಬಿನಲ್ಲಿ ಕಾಯುತ್ತಿದ್ದವರೂ ಹನ್ನೊಂದೇ ಜನ.

ಯುವಕ ಸುಮ್ಮನಾಗುವವನಲ್ಲ. ಕೆನಡಾದ ಇನ್ನೊಂದು ಸಣ್ಣ ಅಧ್ಯಯನ ಎತ್ತಿದ. ಟೈಪ್ 2 ಇರುವವರಿಗೆ ಮಲಗುವ ಮುಂಚೆ ಒಮ್ಮೆ ಮೊಟ್ಟೆ, ಒಮ್ಮೆ ಮೊಸರು, ಒಮ್ಮೆ ಏನೂ ಇಲ್ಲ. ಕಾರ್ಬೋಹೈಡ್ರೇಟ್ ಹೆಚ್ಚಿದ್ದ ಮೊಸರಿಗಿಂತ ಮೊಟ್ಟೆ ತಿಂದ ಮರುದಿನ ಬೆಳಗಿನ ಶುಗರ್ ಕಡಿಮೆ ಬಂತು. ಆದರೆ ಏನೂ ತಿನ್ನದ ರಾತ್ರಿಗಿಂತ ಮೊಟ್ಟೆಯ ರಾತ್ರಿ ಸ್ಪಷ್ಟವಾಗಿ ಮೇಲು ಎನ್ನಲು ಆಗಲಿಲ್ಲ. “ಅಂದ್ರೆ ತಿನ್ನಲೇಬೇಕು ಅಂದ್ರೆ ಪ್ರೋಟೀನು. ತಿನ್ನದಿದ್ರೂ ನಷ್ಟ ಇಲ್ಲ.”

“ನಮ್ಮನೇಲಿ ಮೊಟ್ಟೆ ಬರಲ್ಲ. ಕಡ್ಲೆಬೀಜವೇ ನಮ್ಮ ಮೊಟ್ಟೆ. 30 ಗ್ರಾಂನಲ್ಲಿ ಏಳೆಂಟು ಗ್ರಾಂ ಪ್ರೋಟೀನು, ಸಕ್ಕರೆ ಆಗೋದು ಐದೇ ಗ್ರಾಂ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಪರಿಷೆಯಲ್ಲಿ ಸೇರುಗಟ್ಟಲೆ ತಂದಿಟ್ಕೋತೀನಿ.”

“30 ಗ್ರಾಂನಲ್ಲಿ 170 ಕ್ಯಾಲರಿನೂ ಇದೆ ಮಿಸ್. ದಿನಾ ಹಾಕಿದ್ರೆ ವರ್ಷಕ್ಕೆ 62 ಸಾವಿರ. ಆಮೇಲೆ ನೀವು ತಿನ್ನೋದು ಹುರಿದಿದ್ದಾ, ಇಲ್ಲಾ ವಿ.ವಿ. ಪುರಂನಿಂದ ತಂದ ಕಾಂಗ್ರೆಸ್ ಕಡ್ಲೆಬೀಜಾನಾ?”

ಮಿಸ್ ಮುಖ ಪಕ್ಕಕ್ಕೆ ತಿರುಗಿಸಿದರು. ಖಾರ, ಕರಿಬೇವು, ಉಪ್ಪು ಹಚ್ಚಿದ ಆ ಕಡ್ಲೆಬೀಜದ ವಿಷಯದಲ್ಲಿ ಈ ಕಡೆಯ ಜನ ಪ್ರಮಾಣ ಮಾಡಿ ಹೇಳುವುದು ಕಷ್ಟ.

ಎಂಟು ಗಂಟೆ ದಾಟಿತ್ತು. ಹೋಟೆಲಿನವನು ಟೇಬಲ್ ಒರೆಸುವ ನೆಪದಲ್ಲಿ ಎರಡು ಸಲ ಬಂದು ಹೋದ. ಇಬ್ಬರೂ ಹೊರಗೆ ಬಂದು ಮರದ ಕೆಳಗಿನ ಕಲ್ಲು ಬೆಂಚಿನ ಮೇಲೆ ಕೂತರು.

“ನಿಜ ಹೇಳ್ತೀನಿ ಮಿಸ್,” ಯುವಕ ಸೆನ್ಸರಿನ ಅಂಚು ಸವರುತ್ತ ಹೇಳಿದ. “ಹೋದ ವಾರ ರಾತ್ರಿ ಮೂರಕ್ಕೆ ಅಲಾರಂ ಹೊಡ್ಕೊಳ್ತು. 54. ಎದೆ ಡವಡವ. ಫ್ರಿಜ್ಜಲ್ಲಿದ್ದ ಮೈಸೂರು ಪಾಕು ಎರಡು ನುಂಗಿದೆ. ಬೆಳಿಗ್ಗೆ 190.”

“ಬೆವರಿತ್ತಾ? ನಡುಕ?”

“ಇಲ್ಲ. ಚೆನ್ನಾಗೇ ನಿದ್ದೆ ಮಾಡ್ತಿದ್ದೆ.”

“ಬೆರಳು ಚುಚ್ಚಿ ನೋಡ್ದಾ?”

“ಹೊಳೀಲಿಲ್ಲ.”

“ಏನು ಮಾತ್ರೆ ತಗೋತೀಯ?”

“ಮೆಟ್‌ಫಾರ್ಮಿನ್ ಒಂದೇ.”

“ಅದೊಂದರಿಂದಲೇ 54 ಬರೋದು ಕಷ್ಟ. ಗ್ಲಿಮಿಪಿರೈಡ್ ಥರದ ಮಾತ್ರೆ, ಇಲ್ಲಾ ಇನ್ಸುಲಿನ್, ಅವಕ್ಕಾದ್ರೆ ಹೆದರಬೇಕು. ಯಾವ ಮಗ್ಗುಲಿಗೆ ಮಲಗಿದ್ದೆ?”

“ಎಡಕ್ಕೆ... ಹೂಂ, ಗೊತ್ತಾಯ್ತು ಮಿಸ್. ಆಮೇಲೆ ನಾನೂ ಓದಿದೆ. ಸೆನ್ಸರ್ ರಕ್ತ ನೋಡಲ್ಲ, ಚರ್ಮದ ಕೆಳಗಿನ ದ್ರವ ನೋಡುತ್ತೆ. ಅದರ ಮೇಲೇ ಭಾರ ಹಾಕಿ ಮಲಗಿದ್ರೆ ಸುಳ್ಳು ಲೋ ತೋರ್ಸುತ್ತೆ. ಮೈಸೂರು ಪಾಕು ದಂಡ.”

“ನನಗೆ ಇಲ್ಲದ ಶಿಖರ, ನಿನಗೆ ಇಲ್ಲದ ಪಾತಾಳ,” ಎಂದು ಮಿಸ್ ನಕ್ಕರು. ಆಮೇಲೆ ಅವರ ದನಿ ಗಟ್ಟಿಯಾಯಿತು. “ಆದ್ರೂ ಒಂದು ಮಾತು. ನಿಂಗೆ ಮೂವತ್ತಾರು, ನಂಗೆ ಎಪ್ಪತ್ತೊಂದು. ಇಬ್ಬರಿಗೂ ಒಂದೇ ಗೆರೆ ಎಳೀಬೇಡ. ನಿನ್ನ ವಯಸ್ಸಿಗೆ ಬೆಳಗಿನದು 80ರಿಂದ 130ರೊಳಗೆ ಇರ್ಲಿ ಅಂತಾರೆ. ನಾಲ್ಕು ಕಾಯಿಲೆ ಜೊತೆಗಿರೋ ನಮ್ಮಂಥ ವಯಸ್ಸಾದೋರಿಗೆ 90ರಿಂದ 150 ಅಂತ ಅಮೆರಿಕದ ಡಯಾಬಿಟಿಸ್ ಸಂಘದವರೇ ಸಡಿಲ ಬಿಟ್ಟಿದ್ದಾರೆ. ಯಾಕೆ? ಬಿದ್ದು ಸೊಂಟ ಮುರ್ಕೊಂಡ್ರೆ ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ 7 ಇದ್ದು ಏನು ಮಾಡ್ಲಿ?”

“ಆದ್ರೆ ಮಿಸ್, ಭಯಕ್ಕೆ ದಿನಾ ತಿನ್ನೋದೂ ಔಷಧಿ ಅಲ್ವಲ್ಲ. ಮಲಗುವಾಗ ಒಮ್ಮೆ ಚುಚ್ಚಿ ನೋಡಿ. ಇನ್ಸುಲಿನ್ ತಗೊಳ್ಳೋರಿಗೆ 100ಕ್ಕಿಂತ ಕೆಳಗಿದ್ರೆ ತಿನ್ನಿ ಅಂತಾರೆ. 170 ಇದ್ದಾಗಲೂ ಕಡ್ಲೆಬೀಜ ಯಾಕೆ? ರಾತ್ರಿ ರಾತ್ರಿ ಲೋ ಆಗ್ತಿದ್ರೆ ಇನ್ಸುಲಿನ್ ಡೋಸು ಜಾಸ್ತಿ ಅಂತ ಅರ್ಥ. ಅದನ್ನ ಡಾಕ್ಟ್ರು ಇಳಿಸ್ಬೇಕು, ನೀವು ತಿಂದು ಸರಿದೂಗಿಸೋದಲ್ಲ.”

“ಡಾಕ್ಟ್ರು ನಂಗೆ ಕೊಡೋದು ಮೂರು ತಿಂಗಳಿಗೆ ಐದು ನಿಮಿಷ. ಉಳಿದ ರಾತ್ರಿಗಳನ್ನ ನಾನೇ ನೋಡ್ಕೋಬೇಕಪ್ಪ.”

ಈ ಮಾತಿಗೆ ಅವನ ಮೊಬೈಲಿನಲ್ಲಿ ಉತ್ತರವಿರಲಿಲ್ಲ. ಅವರೂ ಅವನ ಪ್ರಶ್ನೆಗೆ ನೇರ ಉತ್ತರ ಕೊಟ್ಟಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ರಸ್ತೆ ನೋಡಿದರು. ಹೂವಿನವಳು ಮಾರು ಹಾಕುತ್ತಿದ್ದಳು.

“ರಾತ್ರಿ ಊಟಕ್ಕೆ ಏನು?” ಮಿಸ್ ಮತ್ತೆ ಶುರು ಮಾಡಿದರು.

“ಅನ್ನ, ಸಾರು, ಪಲ್ಯ. ಕೆಲವೊಮ್ಮೆ ಆ್ಯಪಲ್ಲಿ ತರಿಸ್ತೀನಿ. ಊಟ ಆಗಿದ್ದೇ ಅಮೆರಿಕದವರ ಕಾಲ್ ಶುರು, ಹನ್ನೊಂದರವರೆಗೆ ಕೂತಲ್ಲೇ.”

“ನೋಡು, ಹತ್ತರ ಕಡ್ಲೆಬೀಜದ ಮೇಲೆ ಕೋರ್ಟು ಕಚೇರಿ, ಎಂಟೂವರೆಯ ಅನ್ನದ ಮೇಲೆ ಕೇಸೇ ಇಲ್ಲ. ಊಟ ಆದ್ಮೇಲೆ ಹತ್ತು ನಿಮಿಷ ನಡೀ.”

“ಅದನ್ನ ನಾನೂ ಒಪ್ತೀನಿ. ನ್ಯೂಜಿಲೆಂಡ್‌ನಲ್ಲಿ 2016ರಲ್ಲಿ ನೋಡಿದ್ದಾರೆ. ದಿನಕ್ಕೊಂದ್ಸಲ ಅರ್ಧ ಗಂಟೆ ನಡೆಯೋದಕ್ಕಿಂತ ಪ್ರತಿ ಊಟದ ಮೇಲೆ ಹತ್ತತ್ತು ನಿಮಿಷ ನಡೆದವರಲ್ಲಿ ಊಟದ ನಂತರದ ಶುಗರ್ ಶೇಕಡ 12 ಕಡಿಮೆ. ರಾತ್ರಿ ಊಟದ ಮೇಲಂತೂ 22. ಆದ್ರೆ ಬಿಟಿಎಂನಲ್ಲಿ ರಾತ್ರಿ ಒಂಬತ್ತಕ್ಕೆ ಎಲ್ಲಿ ನಡೀಲಿ ಮಿಸ್? ಫುಟ್‌ಪಾತಲ್ಲಿ ಸ್ಕೂಟರ್, ಸ್ಕೂಟರ್ ಹಿಂದೆ ನಾಯಿ.”

“ಕಾಲ್ ಬಂದಾಗ ಮನೆಯೊಳಗೇ ನಡೀತಾ ಮಾತಾಡು. ಅಮೆರಿಕದವರಿಗೇನು ನಿನ್ನ ಕಾಲು ಕಾಣುತ್ತಾ?”

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಇಬ್ಬರ ಮೊಬೈಲೂ ಒಂದರ ಹಿಂದೊಂದು ಟಿಂಗೆಂದವು. ಫಾಸ್ಟಿಂಗ್ ರಿಪೋರ್ಟು ವಾಟ್ಸಾಪಿಗೆ ಬಂದಿತ್ತು. ಹತ್ತಕ್ಕೆ ಕಡ್ಲೆಬೀಜ ತಿಂದವರದು 121. ಎಂಟೂವರೆಗೆ ಬಾಯಿಗೆ ಬೀಗ ಹಾಕಿದವನದು 133.

ಯುವಕ ಕೆಂಪಗಾದ. “ನೀವು ಇನ್ಸುಲಿನ್ ಮೇಲಿದ್ದೀರಿ. ಹೋಲಿಸೋಕಾಗಲ್ಲ.”

“ನಾನೂ ಹೋಲಿಸಲ್ಲ. ಶೇಕಡ 15ರ ಮಾತು ಆಡಿದ್ದು ನಾನೇ ಅಲ್ವಾ? ಲ್ಯಾಬಿನ ಮಿಷಿನ್ನು ಅಷ್ಟು ತಪ್ಪಲ್ಲ, ಹೋಗ್ಲಿ. ಒಂದು ಬೆಳಗಿಂದ ಏನೂ ಗೊತ್ತಾಗಲ್ಲ.” ಹೋಟೆಲ್ ಬಿಲ್ಲು ತಿರುಗಿಸಿ, ಕೈಚೀಲದಿಂದ ಪೆನ್ನು ತೆಗೆದು ಗೆರೆ ಎಳೆಯತೊಡಗಿದರು. “ನಿನ್ನ ಸೆನ್ಸರ್ ಇನ್ನೂ ಎಷ್ಟು ದಿನ ಇರುತ್ತೆ?”

“ನಿನ್ನೆ ಹಾಕಿದ್ದು. ಹದಿಮೂರು.”

“ಹನ್ನೆರಡು ರಾತ್ರಿ ತಗೋ. ಊಟ ಒಂದೇ ಥರ, ಒಂದೇ ಹೊತ್ತಿಗೆ. ಆರು ರಾತ್ರಿ ಕಡ್ಲೆಬೀಜ, ಆರು ರಾತ್ರಿ ಇಲ್ಲ. ಒಂದಿನ ಬಿಟ್ಟು ಒಂದಿನ. ಬಲ ಮಗ್ಗುಲಿಗೆ ಮಲಗು.”

“ನೀವು?”

“ಗುರುವಾರ ಡಾಕ್ಟ್ರ ಹತ್ರ ಹೋಗ್ತೀನಿ. ಕಡ್ಲೆಬೀಜ ಬಿಟ್ಟು ನೋಡ್ಬಹುದಾ, ಡೋಸು ಸರಿ ಇದೆಯಾ ಅಂತ ಕೇಳ್ತೀನಿ. ಹೂಂ ಅಂದ್ರೆ ಮಗಳನ್ನ ಎರಡು ರಾತ್ರಿ ಕರೆಸ್ಕೊಂಡು, ಮೂರು ಗಂಟೆಗೆ ಎದ್ದು ಚುಚ್ಚಿ ನೋಡ್ತೀನಿ. ಬೇಡ ಅಂದ್ರೆ ತಿಂದೇ ಮಲಗ್ತೀನಿ. ನಿನ್ನ ನ್ಯೂಜಿಲೆಂಡು ಕೆನಡಾ ಏನಾದ್ರೂ ಹೇಳ್ಲಿ.”

ಬಿಲ್ಲನ್ನು ಅವನ ಕೈಗಿಟ್ಟರು. ಸಾಲುಗಳು ಹನ್ನೆರಡು, ಕಲಂಗಳು ಮೂರು. ಮೊದಲನೆಯದರ ಮೇಲೆ ‘ಮಲಗುವಾಗ’, ಎರಡನೆಯದರ ಮೇಲೆ ‘ಬೆಳಿಗ್ಗೆ’ ಎಂದಿತ್ತು. ಮೂರನೆಯದಕ್ಕೆ ತಲೆಬರಹ ಇರಲಿಲ್ಲ.

“ಇದು ಏನಕ್ಕೆ ಮಿಸ್?”

“ನಿದ್ದೆ ಬಂತಾ ಇಲ್ವಾ ಅಂತ ಬರಿ.”

ಲ್ಯಾಬಿನ ಒಳಗಿಂದ ಟೋಕನ್ ಕೂಗಿದರು. ಮಿಸ್ ಎದ್ದರು. ಬೆಳಿಗ್ಗೆ ಬಲಗೈ ಕೊಟ್ಟಾಗಿತ್ತು. ಈಗ ಎಡಗೈಯ ರವಿಕೆ ತೋಳು ಮೇಲೆ ಸರಿಸಿಕೊಳ್ಳುತ್ತ ಶಟರಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದರು.